ಸಾರಿ ಹೇಳದ ಬೆಳಗು

ನಮ್ಮ ನಾಯಿಯ ಕಿವಿ ಓದಲು ಕಲಿಯುವುದಕ್ಕೆ ನನಗೆ ಒಂದು ಮಳೆಗಾಲವೇ ಬೇಕಾಯಿತು. ಎಡಗಿವಿ ಹರಿದಿದೆ, ತುದಿಯಿಲ್ಲ; ಅದು ಏನನ್ನೂ ಹೇಳುವುದಿಲ್ಲ. ಹೇಳುವುದೆಲ್ಲ ಬಲಗಿವಿ. ಲಿಫ್ಟಿನ ಮುಂದೆ ನಿಂತಾಗ ಅದು ಸಡಿಲವಾಗಿ ಬದಿಗೆ ಬಿದ್ದಿದ್ದರೆ ದಾರಿ ಖಾಲಿಯಿದೆ ಎಂದರ್ಥ. ನೆಟ್ಟಗಾದರೆ ಯಾವುದೋ ನಾಯಿ ಈಗಷ್ಟೇ ಆ ಲಿಫ್ಟಿನಲ್ಲಿ ಇಳಿದಿದೆ. ಹಿಂದಕ್ಕೆ ಸರಿದು ತಲೆಗೆ ಅಂಟಿಕೊಂಡರೆ ನಾನು ಮರುಮಾತಿಲ್ಲದೆ ಮನೆಗೆ ತಿರುಗಿ, ಬಾಗಿಲು ಹಾಕಿ, ಹಾಲು ಕಾಯಿಸಿಟ್ಟು ಮತ್ತೆ ಹೊರಡುತ್ತೇನೆ. ಮುಚ್ಚಿದ ಲಿಫ್ಟಿನ ಬಾಗಿಲ ಸಂದಿಯಿಂದ ಬರುವ ಗಾಳಿಯಲ್ಲೇ ಅದು ಇಡೀ ಬಿಲ್ಡಿಂಗಿನ ಸುದ್ದಿ ತಿಳಿದುಕೊಳ್ಳುತ್ತದೆ. ಮಲಾಡಿನಲ್ಲಿ ಇಷ್ಟು ವರ್ಷ ಇದ್ದೂ ಎದುರು ಫ್ಲ್ಯಾಟಿನವರು ಊರಿಗೆ ಹೋದದ್ದು ನನಗೆ ತಿಳಿಯುವುದು ಅವರು ಮರಳಿ ಬಂದಮೇಲೆ.

ನಾಯಿಯನ್ನು ತಂದವಳು ಮಗಳು. ಪರೇಲಿನಲ್ಲಿ ಅವಳ ಆಫೀಸಿನ ಹಿಂದೆ ಹಳೆಯ ಮಿಲ್ಲಿನ ಗೋಡೆಯೊಂದು ಇನ್ನೂ ನಿಂತಿದೆ. ಅದರ ಬುಡದಲ್ಲಿ ಬೀದಿನಾಯಿಗಳ ಗುಂಪೊಂದು ಇದನ್ನು ಮೂಲೆಗೆ ಒತ್ತಿ ಹರಿದುಹಾಕಿತ್ತು. ಆಗ ಅದು ಮರಿಯೂ ಅಲ್ಲ, ಪೂರ್ತಿ ಬೆಳೆದದ್ದೂ ಅಲ್ಲ. ಕೊರಳಿನ ಹೊಲಿಗೆ ಮಾಯುವತನಕ ಮಾತ್ರ ಎಂದು ಹೇಳಿ ಟ್ಯಾಕ್ಸಿಯಲ್ಲಿ ಹಾಕಿಕೊಂಡು ಬಂದಳು. ಹೊಲಿಗೆ ಮಾಯಿತು, ನಾಯಿ ಉಳಿಯಿತು. ಮಗಳು ಬೆಳಿಗ್ಗೆ ಲೋಕಲ್ ರೈಲು ಹಿಡಿದರೆ ಕತ್ತಲಾದಮೇಲೆ ಬರುವವಳು. ಹೀಗಾಗಿ ತಿರುಗಾಡಿಸುವ ಕೆಲಸ ನನ್ನ ಪಾಲಿಗೆ ಬಂತು, ರವಿವಾರ ಮಾತ್ರ ನಮ್ಮ ಮನೆಯವರೂ ಜೊತೆಗಿರುತ್ತಾರೆ.

ಮನುಷ್ಯರೆಂದರೆ ಅದಕ್ಕೆ ಪ್ರಾಣ. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರ ನಡುವೆ ತನ್ನನ್ನೂ ಕರೆದಿದ್ದಾರೆ ಎಂಬಂತೆ ಕೂತಿರುತ್ತದೆ. ಆದರೆ ತನ್ನ ಮೇಲೆ ನೇರವಾಗಿ ಓಡಿಬರುವ ನಾಯಿಯನ್ನು ಕಂಡರೆ ಮುಗಿಯಿತು. ಕುತ್ತಿಗೆಯಿಂದ ಬಾಲದವರೆಗೆ ಬೆನ್ನ ಕೂದಲು ಒಂದೇ ಗೆರೆಯಾಗಿ ಏಳುತ್ತದೆ. ಹಗ್ಗದ ತುದಿಯಲ್ಲಿ ಹಿಂಗಾಲ ಮೇಲೆ ನಿಂತು, ಸೊಸೈಟಿಯ ಎರಡೂ ಬಿಲ್ಡಿಂಗಿನ ಗ್ಯಾಲರಿಗಳಲ್ಲಿ ಜನ ಬಂದು ಇಣುಕುವಂತೆ ಬೊಗಳುತ್ತದೆ. ನೋಡಿದವರಿಗೆ ಅದು ಸಿಟ್ಟು. ಮಗಳು ತನ್ನ ಅರೆಬರೆ ಕನ್ನಡದಲ್ಲಿ ಮೊದಲ ವಾರವೇ ನನಗೆ ಹೇಳಿದ್ದಳು, "ಅಮ್ಮಾ, ಅದು ಬದ್ಮಾಶ್ ಅಲ್ಲ. ಡರ್ ಅದ ಅದಕ್ಕ. ಅಂಜಿ ಹಂಗ ಮಾಡ್ತದ."

ಅಂಜಿದವರನ್ನು ಅಂಜಿಸದೆ ಇರುವುದು ದೊಡ್ಡ ಕೆಲಸವೇನಲ್ಲ. ಎದುರಿಗಿನ ನಾಯಿ ಹಗ್ಗದಲ್ಲಿದ್ದರೆ ನಾನು ಕಾರುಗಳ ಹಿಂದೆ ಸರಿದು ನಿಲ್ಲುತ್ತೇನೆ, ಅವರು ದಾಟಿ ಹೋಗುತ್ತಾರೆ, ಎಲ್ಲ ಸರಿ. ತೊಂದರೆ ಬರುತ್ತಿದ್ದದ್ದು ಹಗ್ಗ ಕಟ್ಟದವರಿಂದ. ಅವರಲ್ಲಿ ಮುಖ್ಯರಾದವರು ಪಕ್ಕದ ಬಿಲ್ಡಿಂಗಿನ ಒಬ್ಬ ಗೃಹಸ್ಥರು. ಬಂಗಾರದ ಬಣ್ಣದ, ಕೂದಲು ತುಂಬಿದ ದೊಡ್ಡ ನಾಯಿ ಅವರದು. ಹಗ್ಗ ಇಲ್ಲದೆ ಅವರು ಕೆಳಗೆ ಬರುತ್ತಿರಲಿಲ್ಲ, ಆದರೆ ಅದು ಇರುತ್ತಿದ್ದದ್ದು ಅವರ ಕೊರಳಲ್ಲಿ, ಮದುವೆಗೆ ಬಂದ ಬೀಗರ ಉಪರಣೆಯ ಹಾಗೆ. ನಾಯಿ ಮುಂದೆ ಓಡಿಬರುವುದು, ಅವರು ಫೋನಿನಲ್ಲಿ ಮಾತಾಡುತ್ತ ಹಿಂದೆ ನಿಧಾನವಾಗಿ ಬರುವುದು. ನಮ್ಮದು ಹೌಹಾರಿ ಎಗರುತ್ತಿದ್ದರೆ ಅವರು ದೂರದಿಂದಲೇ ನಗುತ್ತ ಕೈಯೆತ್ತಿ, "ಆಂಟೀ, ಟೆನ್ಶನ್ ಮತ್ ಲೋ, ಬಹುತ್ ಫ್ರೆಂಡ್ಲಿ ಹೈ" ಎನ್ನುತ್ತಿದ್ದರು. ಅವರ ನಾಯಿ ಸ್ನೇಹದ್ದೇ, ನಾನು ಅಲ್ಲಗಳೆಯುವುದಿಲ್ಲ. ಸ್ನೇಹ ಬೇಡವೆನ್ನುವ ಹಕ್ಕು ನಮ್ಮದಕ್ಕೂ ಇರಬಹುದು ಎಂಬುದು ಅವರ ಮನಸ್ಸಿಗೆ ಹೊಳೆದಿರಲಿಲ್ಲ, ಅಷ್ಟೇ.

ಇಲ್ಲಿ ನಮ್ಮ ಮನೆಯವರ ವಿಷಯ ಹೇಳಬೇಕು. ಅವರು ಧಾರವಾಡದವರು, ಬಾಂದ್ರಾದ ಬ್ಯಾಂಕಿನಲ್ಲಿ ಕೌಂಟರಿಗೆ ಕೂತು ಕೂದಲು ನರೆಸಿಕೊಂಡವರು. ತಪ್ಪು ಯಾರದೇ ಇರಲಿ, ಮೊದಲು 'ತಪ್ಪಾತ್ರಿ' ಅಂದುಬಿಟ್ಟರೆ ಮಾತು ಅಲ್ಲಿಗೇ ನಿಲ್ಲುತ್ತದೆ ಎಂಬುದು ಅವರ ಮನೆತನದ ಪಾಠ. ಊರಲ್ಲಿ ಅದು ಸರಿಯೇ. ಒಬ್ಬರು ತಪ್ಪಾಯಿತು ಎಂದರೆ ಎದುರಿನವರು, ಛೇ, ನಿಮ್ಮದೇನ್ರಿ, ನಮ್ಮದs ತಪ್ಪು ಎನ್ನುತ್ತಾರೆ. ಇಬ್ಬರೂ ತಪ್ಪನ್ನು ಆಚೀಚೆ ದಾಟಿಸಿ ಕೊನೆಗೆ ಚಹಾ ಕುಡಿದು ಏಳುತ್ತಾರೆ. ರವಿವಾರ ಆ ಬಂಗಾರದ ನಾಯಿ ನಮ್ಮ ಮೇಲೆ ಏರಿ ಬಂದಾಗಲೆಲ್ಲ ಇವರು ಹಗ್ಗ ಜಗ್ಗುತ್ತ, "ಸಾರಿ ಜೀ, ಸಾರಿ" ಎನ್ನುತ್ತಿದ್ದರು. ಇವರನ್ನು ನೋಡಿ ನಾನೂ ಉಳಿದ ದಿನ ಅದನ್ನೇ ಹೇಳುತ್ತಿದ್ದೆ. ಎದುರಿನಿಂದ ಯಾರೂ ತಪ್ಪನ್ನು ಮರಳಿಸಲಿಲ್ಲ. "ಕೋಯಿ ಬಾತ್ ನಹೀಂ" ಎಂದು ಕ್ಷಮಿಸಿ ಮುಂದೆ ಹೋಗುತ್ತಿದ್ದರು.

ದೀಪಾವಳಿ ಕಳೆದಮೇಲೆ ಒಂದು ಸಂಜೆ ಸೊಸೈಟಿಯ ಸೆಕ್ರೆಟರಿ ಮನೆಗೆ ಬಂದರು. ಸಂಭಾವಿತ ಮನುಷ್ಯ. ಚುರುಮುರಿ ಚೂಡಾ ತಿಂದು ಚೆನ್ನಾಗಿದೆ ಎಂದರು, ನಾಯಿಯ ತಲೆ ಸವರಿದರು, ಆಮೇಲೆ ಮೆಲ್ಲಗೆ ವಿಷಯ ತೆಗೆದರು. ನಮ್ಮ ನಾಯಿಯ ಮೇಲೆ ದೂರುಗಳು ಬಂದಿವೆ, ಕಮಿಟಿಯಲ್ಲಿ ಮಾತಾಗಿದೆ, ಇನ್ನೊಮ್ಮೆ ಹಾಗೆ ಎಗರಿದರೆ ಬೇರೆ ಏರ್ಪಾಡು ಮಾಡಬೇಕಾಗುತ್ತದೆ. ನಾನು, ಹಗ್ಗವಿಲ್ಲದೆ ಓಡಿಬರುವ ಆ ಬಂಗಾರದ ನಾಯಿಯ ಮಾತೆತ್ತಿದೆ. ಅವರಿಗೆ ನಿಜವಾಗಿ ಆಶ್ಚರ್ಯವಾಯಿತು. "ಭಾಭೀ, ಭಾಯ್‌ಸಾಬ್ ಖುದ್ ಹೀ ತೋ ಸಾರಿ ಬೋಲ್ತೇ ಹೈಂ" ಎಂದರು. ತಪ್ಪು ನಿಮ್ಮದಲ್ಲವಾದರೆ ನಿಮ್ಮ ಯಜಮಾನರು ಪ್ರತಿಸಲ ಸಾರಿ ಯಾಕೆ ಹೇಳುತ್ತಾರೆ? ಊರಿನ ಆ ಪದ್ಧತಿಯನ್ನು ಹಿಂದಿಗೆ ತಿರುಗಿಸಲಾಗದೆ ನಾನು ಅವರ ತಟ್ಟೆಗೆ ಇನ್ನಷ್ಟು ಚೂಡಾ ಹಾಕಿದೆ. ನಮ್ಮ ಮನೆಯವರು ತಟ್ಟೆ ನೋಡುತ್ತ ಕೂತಿದ್ದರು.

ಬೇರೆ ಏರ್ಪಾಡೆಂದರೆ ನಾಯಿಯನ್ನು ಕಳಿಸುವುದು; ಹಾಗೆ ಕಳಿಸಲು ಕಾನೂನಿಲ್ಲ ಎಂದು ಮಗಳು ವಾದ ಮಾಡಿದಳು. ಇರಬಹುದು, ಆದರೆ ಎರಡು ಬಿಲ್ಡಿಂಗಿನ ಕಣ್ಣು ತಪ್ಪಿಸಿ ಬದುಕುವುದು ಹೇಗೆ ಎಂದರು ಅವರಪ್ಪ. ಕಳಿಸುವುದಾದರೆ ಊರಾಚೆ ನಾಯಿಗಳನ್ನು ಸಾಕುವ ಒಂದು ಜಾಗಕ್ಕೆ, ಅಲ್ಲಿ ನೂರಾರು ನಾಯಿಗಳು ಒಟ್ಟಿಗೆ ಇರುತ್ತವಂತೆ. ನೂರಾರು ನಾಯಿಗಳ ನಡುವೆ ಇದು. ಅಂದು ಯಾರೂ ಸರಿಯಾಗಿ ಊಟ ಮಾಡಲಿಲ್ಲ. ನಾಯಿ ಮಾತ್ರ ಎಲ್ಲರ ತಟ್ಟೆಯ ಹತ್ತಿರ ಒಂದೊಂದು ಸಲ ಕೂತು ಎದ್ದಿತು.

ಮರುದಿನದಿಂದ ನಾನು ಗೇಟಿನ ಹೊರಗಿನ ಬೀದಿನಾಯಿಗಳನ್ನು ನೋಡತೊಡಗಿದೆ. ಭಾಜಿ ತರಲು ಹೋದಾಗ ವಡಾಪಾವ್ ಗಾಡಿಯ ಪಕ್ಕ ನಿಂತು ನೋಡುತ್ತಿದ್ದೆ, ಯಾಕೆಂದು ನನಗೇ ಸ್ಪಷ್ಟವಿರಲಿಲ್ಲ. ಇಷ್ಟು ಇಕ್ಕಟ್ಟಿನ ರಸ್ತೆಯಲ್ಲಿ ಇಷ್ಟು ನಾಯಿಗಳು ದಿನವಿಡೀ ಹೇಗೆ ಕಚ್ಚಾಡದೆ ಇರುತ್ತವೆ ಎಂಬ ಕುತೂಹಲವಿರಬೇಕು. ಕೆಲವು ದಿನಗಳ ಮೇಲೆ ಕಣ್ಣು ತೆರೆದಂತಾಯಿತು. ಅವು ಒಂದರ ಕಡೆ ಇನ್ನೊಂದು ನೇರವಾಗಿ ಬರುವುದೇ ಇಲ್ಲ. ಬಿಲ್ಲಿನಂತೆ ಬಾಗಿದ ದಾರಿ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ, ನಡುವೆ ನಿಂತು ನೆಲದಲ್ಲಿ ಇಲ್ಲದ ಏನನ್ನೋ ಮೂಸಿ, ನನಗೇನೂ ಅವಸರವಿಲ್ಲ ಎಂದು ತೋರಿಸಿ, ಆಮೇಲೆ ಹತ್ತಿರವಾಗುತ್ತವೆ. ನಮ್ಮ ಕಡೆ ಹೆಣ್ಣು ಕೇಳಲು ಬಂದವರು ಮೊದಲು ಮಳೆ, ಬಸ್ಸು, ಮೊಣಕಾಲ ನೋವು ಎಲ್ಲ ಮಾತಾಡಿ ಮುಗಿಸುವುದಿಲ್ಲವೇ, ಹಾಗೆ. ರಿಕ್ಷಾ, ಟೆಂಪೋ, ಹಾರ್ನುಗಳ ನಡುವೆ ಕಾಲ ಬುಡದಲ್ಲೇ ಇಷ್ಟೊಂದು ಮರ್ಯಾದೆಯ ವ್ಯವಹಾರ ನಡೆಯುತ್ತಿದೆ, ನಾನು ಕೊತ್ತಂಬರಿ ಕಟ್ಟು ಹಿಡಿದು ಅದರ ಮೇಲಿಂದ ದಾಟಿ ಹೋಗುತ್ತಿದ್ದೆ. ಬಹಳ ಹೊತ್ತು ಅಲ್ಲೇ ನಿಂತುಬಿಟ್ಟೆ.

ಆಮೇಲೆ ನಾವೂ ಹಾಗೇ ನಡೆಯತೊಡಗಿದೆವು. ದೂರದಲ್ಲಿ ನಾಯಿ ಕಂಡರೆ ನಾನು ನಿಲ್ಲುವುದಿಲ್ಲ, ಹಗ್ಗ ಬಿಗಿಯುವುದಿಲ್ಲ. ಬಾಗಿದ ದಾರಿ ಹಿಡಿದು, ಸೆರಗಿನ ಗಂಟಿನಿಂದ ಒಣಗಿದ ಜೋಳದ ರೊಟ್ಟಿಯ ಚೂರು ತೆಗೆದು ನೆಲಕ್ಕೆ ಚೆಲ್ಲಿ, "ಹುಡುಕು" ಎನ್ನುತ್ತೇನೆ. ಮೊದಮೊದಲು ಅದು ರೊಟ್ಟಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಹೆದರಿದವರ ಗಂಟಲಲ್ಲಿ ಏನು ಇಳಿದೀತು? ನಂತರ ಒಂದು ಚೂರು ತಿಂದಿತು. ಇನ್ನೊಂದು ದಿನ, ಎದುರು ರಸ್ತೆಯಲ್ಲಿ ಬಿಳಿ ನಾಯಿಯೊಂದು ಹೋಗುತ್ತಿದ್ದಾಗ, ಅದನ್ನು ನೋಡಿತು, ಗಂಟಲಲ್ಲಿ ಗುರ್ರೆಂದಿತು, ಮತ್ತೆ ತಾನಾಗಿಯೇ ಕತ್ತು ತಿರುಗಿಸಿ ನನ್ನ ಮುಖ ನೋಡಿತು. ಹೇಳಲು ಇಷ್ಟೇ. ನಾನು ಗಂಟಿನಲ್ಲಿದ್ದ ರೊಟ್ಟಿಯನ್ನೆಲ್ಲ ಅದರ ಮುಂದೆ ಸುರಿದುಬಿಟ್ಟೆ. ಹೆದರಿಕೆಯನ್ನು ಬೆನ್ನಿಗೆ ಬಿಟ್ಟು ಮುಖವನ್ನು ನನ್ನ ಕಡೆ ತಿರುಗಿಸಿತ್ತು. ನಾನು ಹಾಗೆ ಯಾರನ್ನಾದರೂ ನಂಬಿದ್ದು ನೆನಪಿಲ್ಲ.

ಮನೆಯವರಿಗೂ ಒಂದು ಪಾಠವಾಗಬೇಕಿತ್ತು. ಇನ್ನು ಸಾರಿ ಅನ್ನಬೇಡಿ ಎಂದೆ. ಅವರು ಕಷ್ಟದಲ್ಲಿ ಬಿದ್ದರು. "ಬಾಯಾಗ ತಾನs ಬರ್ತದಲ್ಲ, ಏನ್ ಮಾಡ್ಲಿ?" ಎಂದರು. ಬಾಯಲ್ಲಿ ಏನಾದರೂ ಹಾಕಿಕೊಳ್ಳಿ ಎಂದೆ. ಆ ರವಿವಾರ ಅವರು ನಿಜವಾಗಿಯೂ ಲವಂಗ ಕಚ್ಚಿಕೊಂಡು ಕೆಳಗಿಳಿದರು.

ಅಂದೇ ಅದು ಆಯಿತು. ಬಿಲ್ಡಿಂಗಿನ ಅಡಿಯ ಪಾರ್ಕಿಂಗಿನ ಕಂಬಗಳಿಗೂ ಕಾಂಪೌಂಡ್ ಗೋಡೆಗೂ ನಡುವೆ ಒಂದು ಸಣ್ಣ ಓಣಿಯಿದೆ. ನಾವು ಅದರ ನಡುವೆ ಇದ್ದಾಗ ಆಚೆ ತುದಿಯಲ್ಲಿ ಬಂಗಾರದ ಬಣ್ಣ ಕಂಡಿತು. ಹಿಂದೆ ಫೋನಿನ ಮಾತು ಕೇಳುತ್ತಿತ್ತು. ಓಣಿಯ ಈಚೆ ತುದಿಯ ಬೆಂಚಿನ ಮೇಲೆ ಬೆಳಗಿನ ಬಿಸಿಲಿಗೆ ಕೂತ ಹಿರಿಯರಲ್ಲಿ ಸೆಕ್ರೆಟರಿಯೂ ಇದ್ದರು. ಬಾಗಿ ನಡೆಯಲು ಓಣಿಯಲ್ಲಿ ಜಾಗವೇ ಇಲ್ಲ. ಆ ನಾಯಿ ನಮ್ಮನ್ನು ಕಂಡದ್ದೇ ತಡ, ನೇರವಾಗಿ, ನಾಲಗೆ ಹಾರಿಸುತ್ತ ಓಡಿಬಂತು. ನಮ್ಮದರ ಬೆನ್ನ ಕೂದಲು ಏಳುವುದು ಕಂಡಿತು. ಹಗ್ಗದಿಂದ ನನ್ನ ಅಂಗೈಗೆ ಅದರ ನಡುಕ ಬಂತು, ವೀಣೆಯ ತಂತಿ ಮುಟ್ಟಿದಂತೆ. ಮುಗಿಯಿತು ಅಂದುಕೊಂಡೆ.

ನಮ್ಮ ಮನೆಯವರು ಬಾಯಿ ತೆರೆದರು. 'ಸಾ' ಎನ್ನುವಷ್ಟಕ್ಕೆ ಮಾತು ಬಂದದ್ದನ್ನು ನಾನು ನೋಡಿದೆ. ಆದರೆ ಲವಂಗ ಉಗುಳಿ, ಎರಡೂ ಕೈ ಅಡ್ಡ ಚಾಚಿ, ಬಾಂದ್ರಾದ ಬ್ಯಾಂಕಿನಲ್ಲಿ ಎಂದೂ ಎತ್ತಿರದ ದನಿಯಲ್ಲಿ, ಅದೂ ಅಚ್ಚ ಧಾರವಾಡದ ಮಾತಿನಲ್ಲಿ, "ನಿಮ್ಮ ನಾಯಿ ಹಿಡ್ಕೋರಿ ಮದ್ಲ! ನಮ್ಮದು ಅಂಜತದ!" ಎಂದು ಕೂಗಿದರು. ನಮ್ಮನ್ನು ಬಿಟ್ಟರೆ ಆ ಓಣಿಯಲ್ಲಿ ಕನ್ನಡ ತಿಳಿದವರು ಯಾರೂ ಇರಲಿಲ್ಲ. ಎಲ್ಲರಿಗೂ ಅರ್ಥವಾಯಿತು. ಫೋನಿನ ಮಾತು ನಿಂತಿತು, ಬೆಂಚಿನಲ್ಲಿದ್ದವರು ತಿರುಗಿ ನೋಡಿದರು.

ನಾನು ನೋಡುತ್ತಿದ್ದದ್ದು ನಾಯಿಯನ್ನು. ಅದು ಎಗರಲಿಲ್ಲ. ಕಾಲು ನಾಲ್ಕೂ ಗಡಗಡ ನಡುಗುತ್ತಿದ್ದವು, ತುಟಿ ಮೇಲೆದ್ದು ಹಲ್ಲು ಕಾಣುತ್ತಿತ್ತು, ಆದರೂ ಅದು ನಿಧಾನವಾಗಿ, ಭಾರವಾದ ಬಾಗಿಲನ್ನು ಒಬ್ಬರೇ ತಳ್ಳಿದ ಹಾಗೆ, ತನ್ನ ಮುಖವನ್ನು ಪಕ್ಕಕ್ಕೆ ತಿರುಗಿಸಿತು. ನಾನು ರೊಟ್ಟಿ ಚೆಲ್ಲಿರಲಿಲ್ಲ, ಕೈಯೇ ಓಡಿರಲಿಲ್ಲ. ಅದು ಬರಿ ನೆಲವನ್ನೇ ಮೂಸಿತು. ಬೀದಿಯಲ್ಲಿ ಹುಟ್ಟಿ, ಅಲ್ಲೇ ಏಟು ತಿಂದು ಮರೆತಿದ್ದ ಮಾತು ಅದು. ತಾಯಿಯಿಂದ ಕಲಿತಿತ್ತೋ ಏನೋ. ಎದುರಿನ ನಾಯಿಗೆ ಆ ಮಾತು ತಟ್ಟಿತು. ಎ.ಸಿ. ಕೋಣೆಯಲ್ಲಿ ಬೆಳೆದ ಆ ಮುದ್ದು ಪ್ರಾಣಿ ಓಡಿಬಂದ ರಭಸದಲ್ಲೇ ಕಾಲೂರಿ ನಿಂತು, ಒಂದು ಗಳಿಗೆ ಗಲಿಬಿಲಿಗೊಂಡು, ತಾನೂ ತಲೆ ಬಗ್ಗಿಸಿ ಕಂಬದ ಬುಡ ಮೂಸಿತು. ಎರಡರ ನಡುವೆ ಒಂದು ಸ್ಕೂಟರ್ ನಿಲ್ಲುವಷ್ಟು ಜಾಗ. ಕಮಿಟಿ ಕೂತು ತಿಂಗಳುಗಟ್ಟಲೆ ಮಾತಾಡಿದ್ದನ್ನು ಅವು ಸದ್ದಿಲ್ಲದೆ ಮಾತಾಡಿ ಮುಗಿಸಿದ್ದವು.

ಆ ಗೃಹಸ್ಥರು ಬಂದು ಕಾಲರ್ ಹಿಡಿದರು. ನೋಡಿ, ಏನೂ ಮಾಡಲಿಲ್ಲ, ನಾನು ಹೇಳಿರಲಿಲ್ಲವೇ ಎಂದು ಹಿಂದಿಯಲ್ಲಿ ನಕ್ಕರು. ಎಂದಿನಂತೆ ಇವರ ಸಾರಿಗಾಗಿ ಕಾದರು. ಇವರು ಚಾಚಿದ ಕೈ ಇಳಿಸಲಿಲ್ಲ, ಸಾರಿಯನ್ನೂ ಹೇಳಲಿಲ್ಲ. ಕೊನೆಗೆ ಆ ಗೃಹಸ್ಥರೇ ಕೊರಳಿನಿಂದ ಹಗ್ಗ ತೆಗೆದು ನಾಯಿಗೆ ಸಿಕ್ಕಿಸಿದರು. "ಸಾರಿ ಅಂಕಲ್" ಎಂದರು. ಇವರಿಗೆ ತಡೆಯಲಾಗಲಿಲ್ಲ. ತಪ್ಪು ಮರಳಿ ಬಂದಮೇಲೆ ಅರ್ಧವನ್ನಾದರೂ ತೆಗೆದುಕೊಳ್ಳದಿದ್ದರೆ ಹೇಗೆ? "ಚಾಯ್ ಪೀನೇ ಆಯಿಯೇ" ಎಂದು ಚಹಾಕ್ಕೆ ಕರೆದೇಬಿಟ್ಟರು. ಅವರು ಈವರೆಗೂ ಬಂದಿಲ್ಲ. ಹಗ್ಗವನ್ನು ಕೆಲವು ದಿನ ಕಟ್ಟಿದರು, ಈಗ ಮತ್ತೆ ಒಮ್ಮೊಮ್ಮೆ ಬಿಡುತ್ತಾರೆ. ಆದರೆ ನಾವು ಕಂಡರೆ ದೂರದಿಂದಲೇ ಬಗ್ಗಿ ಕಾಲರ್ ಹಿಡಿಯುತ್ತಾರೆ.

ಮನೆಗೆ ಬಂದಮೇಲೆ ನಾಯಿ ನೀರು ಕುಡಿದು, ಸೋಫಾದ ಹಿಂದೆ ಹೋಗಿ, ಬಿದ್ದುಕೊಂಡದ್ದು ಸಂಜೆತನಕ ಏಳಲೇ ಇಲ್ಲ. ಹುಗ್ಗಿಯ ವಾಸನೆಗೂ ಏಳಲಿಲ್ಲ. ನಿದ್ದೆಯಲ್ಲೂ ಕಾಲುಗಳು ನಡುಗುತ್ತಿದ್ದವು. ದೀಪ ಹಚ್ಚುವ ಹೊತ್ತಿಗೆ ಸೆಕ್ರೆಟರಿಯ ಫೋನು ಬಂತು. ಮನೆಯವರು ಬಹಳ ಹೊತ್ತು ಕೇಳಿದರು, ಹೂಂ ಎಂದರು, ಫೋನಿಟ್ಟು ನಮ್ಮಿಬ್ಬರ ಮುಖ ನೋಡಿದರು.

"ನಾಯಿ ಇರ್ಲಿ ಅಂದ್ರು," ಎಂದರು. "ಎಲ್ಲಾರೂ ಹಗ್ಗ ಕಟ್ಟsಬೇಕು ಅಂತ ಬೋರ್ಡ್ ಹಾಕ್ತಾರಂತ. ತಾವs ಕಣ್ಣಾರೆ ನೋಡ್ಯಾರಂತ."

ಮಗಳು ನೆಲಕ್ಕೆ ಕೂತು ಅತ್ತಳು. ನಾನು ಸೋಫಾದ ಹಿಂದೆ ಬಗ್ಗಿ ನಾಯಿಯ ಪಕ್ಕೆಯ ಮೇಲೆ ಕೈಯಿಟ್ಟೆ. ಕಮಿಟಿ, ದೂರು, ಊರಾಚೆಯ ಆ ಜಾಗ, ಯಾವುದೂ ಅದಕ್ಕೆ ತಿಳಿದಿರಲಿಲ್ಲ. ತನ್ನ ಮನೆ ಆ ಓಣಿಯಲ್ಲಿ ತೂಗಾಡುತ್ತಿತ್ತು ಎಂದು ಗೊತ್ತಿದ್ದು ಅದು ಮುಖ ತಿರುಗಿಸಿದ್ದಲ್ಲ. 'ಹುಡುಕು' ಎಂದು ನಾನು ಎಷ್ಟೋ ಬೆಳಗುಗಳಲ್ಲಿ ಕೇಳಿಕೊಂಡಿದ್ದೆ, ಅದಕ್ಕೇ ತಿರುಗಿಸಿತು.