ಪೊನ್ನಮ್ಮಾಳ್ ಬಿಚ್ಚಿದ ಮೆತ್ತೆ

ಕಂಬಂ ಕಣಿವೆಯ ಓಡೈಪಟ್ಟಿಯ ಪೊನ್ನಮ್ಮಾಳ್ ಕೂಗಾಡುವ ಹೆಂಗಸಲ್ಲ. ಗಂಡ ಗುರುಸಾಮಿಯ ದ್ರಾಕ್ಷಿ ತೋಟ, ಮನೆಗೆಲಸ, ಊರ ಹೆಂಗಸರ ರವಿಕೆ ಹೊಲಿಯುವ ಹಳೇ ಮಿಷನ್ನು, ಇಷ್ಟರ ನಡುವೆ ಅವಳಿಗೆ ಐವತ್ತೈದು ದಾಟಿತ್ತು. ಅವಳ ಸಿಟ್ಟು ನಿಧಾನದ್ದು. ನಾದಿನಿ ತಮಿಳರಸಿ ಗೂಡಲೂರಿನಿಂದ ಬಂದಾಗಲೆಲ್ಲ ಬಾಗಿಲಿಗೇ ಹೋಗಿ ನಗುತ್ತ ಕರೆತರುತ್ತಿದ್ದಳು, ಆಮೇಲೆ ಕಾಫಿಯನ್ನು ಅಡುಗೆಮನೆಯಲ್ಲಿ ಒಂದಷ್ಟು ಹೊತ್ತು ಆರಲು ಬಿಟ್ಟು ಕೊಡುತ್ತಿದ್ದಳು. ನಾದಿನಿಗೆ ಕಳಿಸುವ ದ್ರಾಕ್ಷಿ ಪೆಟ್ಟಿಗೆಯಲ್ಲಿ ಮೇಲಿನ ಎರಡು ಗೊಂಚಲು ಮಾತ್ರ ಸಿಹಿ, ಕೆಳಗಿನದೆಲ್ಲ ಹುಳಿ. ಮೂವತ್ತು ವರ್ಷದಿಂದ ಹೀಗೇ ನಡೆದಿತ್ತು. ಗುರುಸಾಮಿಗೆ ಇದು ತಿಳಿಯಲಿಲ್ಲ. ತಮಿಳರಸಿಗೂ ತಿಳಿಯಲಿಲ್ಲ, ಪೊನ್ನಮ್ಮಾಳಿಗೆ ಸಮಾಧಾನವಾಗದೆ ಉಳಿದದ್ದು ಅದಕ್ಕೇ.

ಕಾರಣ ಒಂದು ಮೆತ್ತೆ. ಪೊನ್ನಮ್ಮಾಳಿನ ಅವ್ವ ಬೋಡಿಯ ಬೆಟ್ಟದ ಬುಡದಲ್ಲಿ ಬೂರುಗದ ಕಾಯಿ ಒಡೆಯುವ ಕೂಲಿಗೆ ಹೋಗುತ್ತಿದ್ದವಳು. ಕಾಯಿಯೊಳಗಿನ ರೇಷ್ಮೆಯಂಥ ಹತ್ತಿಯನ್ನು ಆ ಸೀಮೆಯವರು ಪಂಜು ಅನ್ನುತ್ತಾರೆ. ಕೂಲಿಯ ಜೊತೆ ಸಿಕ್ಕ ಹಿಡಿ ಹಿಡಿ ಪಂಜನ್ನು ಎರಡು ವರ್ಷ ಕೂಡಿಟ್ಟು, ಬೀಜ ಒಂದೊಂದಾಗಿ ಆರಿಸಿ, ಮಗಳ ಮದುವೆಗೆ ಅವಳು ಮೆತ್ತೆ ಹೊಲಿದಳು. ಮರುವರ್ಷ ತಮಿಳರಸಿ ಹೆರಿಗೆಗೆ ತವರಿಗೆ ಬಂದಳು. ಅತ್ತೆ ಮೆತ್ತೆಯನ್ನು ಸೊಸೆಯ ಕೋಣೆಯಿಂದ ಎಳೆದು ಮಗಳಿಗೆ ಹಾಸಿದಳು. ಮೂರು ತಿಂಗಳಾದ ಮೇಲೆ ತಮಿಳರಸಿ ಹೊರಟಾಗ ಮೆತ್ತೆಯೂ ಬಸ್ಸಿನ ಮೇಲೆ ಹೊರಟಿತು. ಏಳು ತಿಂಗಳ ಬಸುರಿ ಪೊನ್ನಮ್ಮಾಳ್ ಚಾಪೆಯ ಮೇಲೆ ಮಲಗಿದಳು. ಬಸ್ಸು ಹತ್ತುವ ಮುಂಚೆ ತಮಿಳರಸಿ ನಗುತ್ತ ಅಂದಿದ್ದಳು: "ಕೂಲಿಯವ್ರ ಮನೆ ಮೆತ್ತೆ ಆದ್ರೂ ಪಂಜು ಚೆಂದಾಗದೆ."

ಹೋದ ವರ್ಷ ಆಣಿ ತಿಂಗಳಲ್ಲಿ, ಮುಂಗಾರಿನ ಗಾಳಿಯ ಹೊತ್ತಿಗೆ, ಆ ತಮಿಳರಸಿಯದೇ ಫೋನು ಬಂತು.

"ಅತ್ಗೆ, ಬೆಸ್ತವಾರ ಹೊಸ ಮಾಪಿಳ್ಳೆ ಬರ್ತಾರೆ, ನಾಕ್ ದಿನ ಇರ್ತಾರೆ. ಅಂಗಡಿ ಮೆತ್ತೇಲಿ ಬರೀ ಸ್ಪಂಜು, ಅವ್ರಿಗೆ ಮೈ ಸುಡ್ತದಂತೆ. ನಮ್ ಹಳೇ ಪಂಜು ಮೆತ್ತೆ ಎಲ್ಡ್ ಕಡೆ ಹರ್ದೋಗದೆ. ನಿಂದ್ ತಾನೆ ಒಳ್ಳೆ ಕೈ. ಆಟೋಲಿ ಕಳಸ್ತೀನಿ, ಕೊಂಚ ಹೊಲ್ದು ಕೊಡು."

'ನಮ್' ಅನ್ನುವ ಮಾತು ಪೊನ್ನಮ್ಮಾಳಿನ ಕಿವಿಯಲ್ಲೇ ನಿಂತಿತು. "ಕಳ್ಸು ಅರಸಿ," ಅಂದಳು. ದನಿಯಲ್ಲಿ ಜೇನು.

ಮಂಗಳವಾರ ಮೆತ್ತೆ ಬಂತು. ಕೊಳೆ, ಎಣ್ಣೆಯ ಕಲೆ, ಎರಡು ಕಡೆ ಬಾಯಿಬಿಟ್ಟ ಸೀಳು. ಪೊನ್ನಮ್ಮಾಳ್ ಅದರ ಪಕ್ಕ ಕೂತು ಬಹಳ ಹೊತ್ತು ಅಂಚಿನ ಮೇಲೆ ಕೈಯಾಡಿಸಿದಳು. ಅಷ್ಟರಲ್ಲಿ ಏನು ಮಾಡಬೇಕು ಅನ್ನುವುದು ಅವಳಿಗೆ ಸ್ಪಷ್ಟವಾಯಿತು. ಅವ್ವನ ಪಂಜನ್ನು ಪೂರ್ತಿ ತೆಗೆದು ಇಟ್ಟುಕೊಳ್ಳುವುದು. ಬದಲಿಗೆ ತೆಂಗಿನ ನಾರು, ಹರಿದ ಗೋಣಿ, ದ್ರಾಕ್ಷಿ ಪೆಟ್ಟಿಗೆಗೆ ಹಾಕುವ ಪೇಪರ್ ಚೂರು ತುಂಬಿ, ಅಂಚನ್ನು ಮಾತ್ರ ಮದುವೆ ರವಿಕೆಯಷ್ಟು ಅಂದವಾಗಿ ಹೊಲಿದು ಕಳಿಸುವುದು. ಆ ಮಾಪಿಳ್ಳೆ, ತಮಿಳರಸಿಯ ಹೊಸ ಅಳಿಯ, ಬಂದ ರಾತ್ರಿಯೇ ಮೈ ಕೆರೆದುಕೊಂಡು ಎದ್ದು ಕೂರುತ್ತಾನೆ. ತಮಿಳರಸಿಯ ಮುಖ ಆಗ ನೋಡುವಂತಿರುತ್ತದೆ. ಇದನ್ನು ನೆನೆನೆನೆದು ಅವಳು ಆ ಸಂಜೆ ಎರಡು ತುತ್ತು ಹೆಚ್ಚೇ ಉಂಡಳು.

ಬುಧವಾರ ಗಂಡ ತೋಟಕ್ಕೆ ಹೋದ ಮೇಲೆ ನಡುಮನೆಯ ಕಿಟಕಿ ಬಾಗಿಲೆಲ್ಲ ಮುಚ್ಚಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತೆಯನ್ನು ಉದ್ದಕ್ಕೂ ಬಿಚ್ಚಿದಳು. ಗಂಟುಕಟ್ಟಿದ್ದ ಪಂಜನ್ನು ಕೋಲಿನಿಂದ ಬಡಿದು ಬಿಡಿಸಿದಳು. ಅದು ಉಬ್ಬಿತು. ಮಂಡಿಯವರೆಗೆ ಬಂತು, ಸೊಂಟದವರೆಗೆ ಬಂತು. ಅಷ್ಟೊಂದು ಇದ್ದೀತೆಂದು ಅವಳು ಎಣಿಸಿರಲಿಲ್ಲ. ತಂದಿಟ್ಟಿದ್ದ ಎರಡು ಚೀಲ ತುಂಬಿದವು, ರಾಶಿ ಕರಗಲಿಲ್ಲ.

ಆಗ ಗುರುಸಾಮಿ ಕತ್ತರಿ ಮರೆತೆನೆಂದು ವಾಪಸು ಬಂದು ಹಿತ್ತಿಲ ಬಾಗಿಲನ್ನು ಪೂರ್ತಿ ತೆರೆದ.

ಆಣಿಯಲ್ಲಿ ಕಣಿವೆಗೆ ಇಳಿಯುವ ಗಾಳಿ ಬಾಳೆ ತೋಟವನ್ನೇ ಮಲಗಿಸುವಂಥದ್ದು. ಅದು ಹಿತ್ತಿಲಿಂದ ನುಗ್ಗಿ ಮುಂಬಾಗಿಲನ್ನು ದಡಾರನೆ ತೆರೆದು, ಬಾಯಿ ಕಟ್ಟದ ಚೀಲಗಳನ್ನೂ ಉರುಳಿಸಿ, ಪಂಜನ್ನೆಲ್ಲ ಹೊತ್ತು ಬೀದಿಗೆ ಹೋಯಿತು. ಒಲೆಯ ಮೇಲಿನ ಸಾರು ಬೆಳ್ಳಗಾಯಿತು. ಬೀದಿಯಲ್ಲಿ ಒಣಹಾಕಿದ್ದ ಬಟ್ಟೆ, ಕಟ್ಟಿದ್ದ ಎಮ್ಮೆ, ನೀರಿನ ಕೊಡಗಳು, ಎಲ್ಲದಕ್ಕೂ ಅಂಟಿತು. ಎದುರುಮನೆಯ ಕಾಳಿಮುತ್ತು ಆಗಷ್ಟೆ ಗೇಟಿಗೆ ಹಸಿರು ಬಣ್ಣ ಬಳಿದು ಬ್ರಷ್ ತೊಳೆಯುತ್ತಿದ್ದ. ತಿರುಗಿ ನೋಡುವಷ್ಟರಲ್ಲಿ ಗೇಟಿಗೆ ಕುರಿಯಂತೆ ಉಣ್ಣೆ ಬೆಳೆದಿತ್ತು.

"ಯಕ್ಕಾ! ಏನಕ್ಕಾ ಇದು!" ಎಂದು ಅವನು ಬ್ರಷ್ ಹಿಡಿದೇ ಕೂಗಿದ.

ಗುರುಸಾಮಿ ಹನ್ನೊಂದು ಸಲ ಸೀನಿದ. ಪೊನ್ನಮ್ಮಾಳ್ ಸೀರೆ ಎತ್ತಿ ಕಟ್ಟಿ ಬೀದಿಯಲ್ಲಿ ಓಡಿದಳು. ಕೈಗೆ ಸಿಕ್ಕಿದ್ದು ಒಂದು ಹಿಡಿ, ತಲೆಗೂದಲಿಗೆ ಅಂಟಿದ್ದು ನಾಲ್ಕು ಹಿಡಿ. ಅವ್ವನ ಎರಡು ವರ್ಷ ಬೇಲಿಯ ಮುಳ್ಳಿಗೂ ಚರಂಡಿಗೂ ಹಂಚಿಹೋಗುವುದನ್ನು ನೋಡುತ್ತ ನಿಂತಾಗ, ಮೊದಲು ಅವಳಿಗೆ ಅಳು ಬಂತು. ಆಮೇಲೆ ಇದಕ್ಕೂ ತಮಿಳರಸಿಯೇ ಕಾರಣ ಎನ್ನಿಸಿತು. ಒಳಗೆ ಬಂದು ನಾರು, ಗೋಣಿ, ಪೇಪರ್ ಚೂರನ್ನೆಲ್ಲ ಮೆತ್ತೆಯ ಬಾಯಿಗೆ ತುರುಕಿ ದಬ್ಬಣ ಹಿಡಿದು ಹೊಲಿಯಲು ಕೂತಳು. ರವಿಕೆಯ ಅಂದ ಹಾಗಿರಲಿ, ಹೊಲಿಗೆ ಹಾವಿನಂತೆ ಹೊರಳಿತು.

ಮುಕ್ಕಾಲು ಮುಗಿದಾಗ ಹೊರಗೆ ಆಟೋ ನಿಂತಿತು. ಸಂಜೆಗೆ ಬರಬೇಕಾದ ತಮಿಳರಸಿ ಮಧ್ಯಾಹ್ನವೇ ಬಂದಿದ್ದಳು.

"ಅತ್ಗೆ, ಇದೇನು ಬೀದಿಯೆಲ್ಲ ಪಂಜು?"

ಪೊನ್ನಮ್ಮಾಳ್ ದಡಬಡಿಸಿ ಎದ್ದಳು. ಮೆತ್ತೆಯೂ ಅವಳ ಜೊತೆ ಎದ್ದಿತು. ಸೆರಗಿನ ಒಂದು ಗೇಣನ್ನು ಅವಸರದಲ್ಲಿ ಅಂಚಿಗೆ ಸೇರಿಸಿ ಹೊಲಿದುಬಿಟ್ಟಿದ್ದಳು. ಎಳೆದ ರಭಸಕ್ಕೆ ಹೊಲಿಗೆ ಅರ್ಧ ಬಿಚ್ಚಿ, ತಮಿಳರಸಿಯ ಕಾಲ ಬಳಿ ನಾರೂ ಗೋಣಿಯೂ ಸುರಿದವು.

ತಮಿಳರಸಿ ಅದನ್ನು ನೋಡಿದಳು, ಅತ್ತಿಗೆಯನ್ನು ನೋಡಿದಳು. "ಪಂಜ್ ತೆಗ್ದು ನಾರ್ ತುಂಬೀಯಾ? ನನ್ ಮಾಪಿಳ್ಳೆ ಮಲಗೋ ಮೆತ್ತೆಗೆ?"

ಇನ್ನು ನಗುವುದಕ್ಕೆ ಏನೂ ಉಳಿದಿರಲಿಲ್ಲ. "ಇದ್ ಯಾರ್ ಮೆತ್ತೆ ಅರಸಿ?"

"ನಮ್ದು."

"ನಿಮ್ಗೆ ಹೆಂಗ್ ಬಂತು?"

"ಯಾರಿಗ್ ಗ್ಯಾಪಕ? ಅಮ್ಮ ಕೊಟ್ಟಿರ್ಬೇಕು."

ಪೊನ್ನಮ್ಮಾಳ್ ಬೆಚ್ಚಿದಳು. ಮೂವತ್ತು ವರ್ಷ ದಿನವೂ ಎಣ್ಣೆ ಹಾಕಿ ಉರಿಸಿದ್ದ ಸಿಟ್ಟಿನ ದೀಪ. ಅದನ್ನು ಯಾರ ವಿರುದ್ಧ ಉರಿಸಿದಳೋ ಆ ಹೆಂಗಸಿಗೆ ಅದರ ಬೆಳಕೇ ಕಂಡಿರಲಿಲ್ಲ.

"ನನ್ ಅವ್ವ ಕೊಟ್ಟಿದ್ದು, ನಂಗೆ," ಅಂದಳು. "ಕೂಲಿಯವ್ರ ಮನೆ ಮೆತ್ತೆ ಅಂದಿದ್ದೆಯಲ್ಲ, ಅದು. ನನ್ ಹೊಟ್ಟೇಲಿ ಏಳ್ ತಿಂಗ್ಳ ಮಗು ಇತ್ತು. ನೀನ್ ಹೊತ್ಕೊಂಡ್ ಹೋದೆ."

"ಈಗ ಯಾಕೆ ಅದೆಲ್ಲ, ಬಿಡು," ಎಂದು ಗುರುಸಾಮಿ ಮೂಗು ಒರೆಸಿಕೊಂಡ.

"ನೀವ್ ತಾನೆ ಬಸ್ ಮೇಲೆ ಕಟ್ಟಿ ಬಂದೋರು. ಸುಮ್ನಿರಿ."

ಪೊನ್ನಮ್ಮಾಳ್ ಮಿಷನ್ನಿನ ಮೇಲಿದ್ದ ಕತ್ತರಿ ತೆಗೆದು ಸೆರಗನ್ನು ಗೇಣುದ್ದ ಕತ್ತರಿಸಿಕೊಂಡಳು. ಸುರಿದದ್ದನ್ನೆಲ್ಲ ಒಳಗೆ ತುರುಕಿ, ಆ ಸೀರೆಯ ತುಂಡನ್ನೂ ಸೇರಿಸಿ, ನಾಲ್ಕು ದೊಡ್ಡ ಹೊಲಿಗೆ ಹಾಕಿ ಬಾಯಿ ಮುಚ್ಚಿದಳು. ತಾನೇ ಎಳೆದು ಆಟೋಗೆ ಹಾಕಿದಳು.

"ಹೊಲ್ದು ಕೊಡು ಅಂದೆ. ಹೊಲ್ದಿದೀನಿ. ತಕೊಂಡ್ ಹೋಗು."

ತಮಿಳರಸಿ ಮೆತ್ತೆಯ ಪಕ್ಕ ಆಟೋ ಹತ್ತಿ ಹೋದಳು. ಮರುದಿನ ಪೊನ್ನಮ್ಮಾಳ್ ಅರ್ಧ ದಿನ ಕೂತು ಕಾಳಿಮುತ್ತುವಿನ ಗೇಟು ಕೆರೆದಳು.

ತಮಿಳರಸಿ ಸುಮ್ಮನಿರುವವಳಲ್ಲ. ಗೂಡಲೂರು, ಕಂಬಂ, ಚಿನ್ನಮನೂರು, ನೆಂಟರಿದ್ದ ಕಡೆಗೆಲ್ಲ ಫೋನು ಹೋಯಿತು: ಅತ್ತಿಗೆ ಸೇಡು ತೀರಿಸಿದಳು, ಮಾಪಿಳ್ಳೆಯ ಮುಂದೆ ಮಾನ ತೆಗೆದಳು. ಗುರುಸಾಮಿ ತಲೆ ಎತ್ತಿ ನಡೆಯುವಂತಿಲ್ಲ ಎಂದು ಗೊಣಗಿದ. ಪೊನ್ನಮ್ಮಾಳ್ ಮಾತ್ರ ಯಾರು ಬಂದು ಕೇಳಿದರೂ ಬೇಸರಪಡಲಿಲ್ಲ.

"ಯಾಕ್ ಸೇಡು ಅಂತ ಕೇಳ್ತಾರಲ್ಲ ಅವ್ಳನ್ನ," ಅಂದಳು ಗಂಡನಿಗೆ, ರವಿಕೆಯ ತೋಳು ತಿರುಗಿಸುತ್ತ. "ಮೆತ್ತೆ ಯಾರ್ದು ಅಂತ ಅವ್ಳೇ ಮೊದ್ಲು ಹೇಳ್ಬೇಕು. ಊರೂರಿಗೂ ಹೇಳ್ಲಿ."