ಮೂಲೆಯಲ್ಲಿ ಸೋರುವ ಬೆಳಕು

ಹೊಸ ವಸ್ತುವೊಂದು ಮನೆಗೆ ಬಂದರೆ ಅದರಲ್ಲಿ ಏನಾದರೊಂದು ಊನವನ್ನು ಕಂಡುಹಿಡಿಯದೆ ನನಗೆ ಊಟ ಸೇರುವುದಿಲ್ಲ. ಇದನ್ನು ಸ್ನೇಹಿತರು ಅನುಮಾನವೆನ್ನುತ್ತಾರೆ, ಹೆಂಡತಿ ಗಿರಿಜ ಕಾಯಿಲೆ ಎನ್ನುತ್ತಾಳೆ. ನಾನೊಬ್ಬನೇ ಅದನ್ನು ಮುನ್ನೆಚ್ಚರಿಕೆ ಎಂಬ ಸಂಭಾವಿತ ಹೆಸರಿನಿಂದ ಕರೆದುಕೊಂಡು ಬಂದಿದ್ದೇನೆ. ಕುಕ್ಕರು ಕೊಂಡರೆ ಅದರ ಸೀಟಿಯಲ್ಲಿ ಅಪಸ್ವರ. ಚಪ್ಪಲಿ ಕೊಂಡರೆ ಎಡಗಾಲಿನದು ಬಲಗಾಲಿನದಕ್ಕಿಂತ ಕೂದಲೆಳೆಯಷ್ಟು ಉದ್ದ. ಗೋಡೆ ಗಡಿಯಾರ ಕೊಂಡರೆ ಅದರ ಟಿಕ್ಕಿಗೂ ಟಕ್ಕಿಗೂ ನಡುವೆ ಇರಬಾರದಂಥ ಒಂದು ದೀರ್ಘಾಲೋಚನೆ. ಇಂಥ ನ್ಯಾಯಾಧೀಶನ ಮನೆಗೆ ಬಂದ ಮೇಲೆ, ಅವ್ವನಿಗೆಂದು ತರಿಸಿದ ಟ್ಯಾಬು ನಿರ್ದೋಷಿಯೆಂದು ಬಿಡುಗಡೆಯಾಗುವ ಸಂಭವವೇ ಇರಲಿಲ್ಲ.

ಅದನ್ನು ತರಿಸಿದ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮೂರು ಹೊನ್ನವಳ್ಳಿ. ಅವ್ವನ ಒಬ್ಬಳೇ ತಂಗಿ, ನನ್ನ ಗೌರಮ್ಮ ಚಿಕ್ಕಮ್ಮ, ಮಗ ಸೊಸೆಯ ಜೊತೆ ಇರುವುದು ತುರುವೇಕೆರೆಯಲ್ಲಿ. ನಕ್ಷೆಯಲ್ಲಿ ನೋಡಿದರೆ ಎರಡೂ ಊರುಗಳು ಒಂದೇ ತೋಟದ ಎರಡು ಬದುಗಳಂತೆ ಕಾಣುತ್ತವೆ. ಅವ್ವನ ಮಂಡಿಗಳ ಲೆಕ್ಕದಲ್ಲಿ ಮಾತ್ರ ಅದು ಕಾಶಿಗಿಂತ ದೂರ. ಚಿಕ್ಕಮ್ಮ ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟದ ಮೂಳೆ ಮುರಿದು, ಆಪರೇಷನ್ನೂ ಆಗಿ ಮನೆಗೆ ಬಂದ ಮೇಲೆ ಹಾಸಿಗೆಯಿಂದ ಏಳಲು ಒಪ್ಪಲೇ ಇಲ್ಲ. ವೈದ್ಯರು ನಡೆಯಲೇಬೇಕು ಎಂದರು, ಮಗ ಬೇಡಿಕೊಂಡ, ಸೊಸೆ ಮಂಜುಳ ವಾಕರನ್ನು ತಂದು ಮಂಚದ ಪಕ್ಕ ನಿಲ್ಲಿಸಿದಳು. ಚಿಕ್ಕಮ್ಮ ಅದರ ಮೇಲೆ ಟವೆಲು ಒಣಗಹಾಕಿಸಿದಳು. ಹೀಗೇ ಬಿಟ್ಟರೆ ಇನ್ನು ಅವರು ಏಳುವುದೇ ಇಲ್ಲ ಎಂಬ ಮಾತು ಎರಡೂ ಮನೆಗಳಲ್ಲಿ ಮೆಲುದನಿಯಲ್ಲಿ ಓಡಾಡತೊಡಗಿತು.

ಚಿಕ್ಕಮ್ಮನನ್ನು ಬೈಯುವ ಅಧಿಕಾರ ಇದ್ದದ್ದು ಭೂಮಿಯ ಮೇಲೆ ಒಬ್ಬರಿಗೇ, ಅವ್ವನಿಗೆ. ಆದರೆ ನನ್ನ ಫೋನಿನಲ್ಲಿ ವಿಡಿಯೊ ಕರೆ ಮಾಡಿ ಕೊಟ್ಟರೆ, ಪೊರೆ ತೆಗೆಸಿದ ಕಣ್ಣನ್ನು ಕಿರಿದು ಮಾಡಿಕೊಂಡು ಅವ್ವ, “ಇದೇನ್ಲಾ, ಬರೀ ಹಣೆ ಕಾಣ್ತೈತೆ, ಮಿಕ್ಕಿದ ಗೌರಿ ಎಲ್ಲಿ?” ಎಂದಳು. ಮಿಕ್ಕಿದ ಗೌರಿಗಾಗಿಯೇ ಟ್ಯಾಬು ಬಂತು. ಬಂದ ದಿನವೇ ಅವ್ವ ಅದರ ಬೆನ್ನಿಗೆ ಮೂರು ಬೆರಳಿನ ವಿಭೂತಿ ಎಳೆದು, ಎದುರಿಗೆ ಊದುಬತ್ತಿ ಬೆಳಗಿ, ಬಳಿಕವೇ ತಂಗಿಯನ್ನು ಬೈಯಲು ಕುಳಿತಳು. ಪ್ರತಿದಿನ ಬೆಳಗಿನ ಕಾಫಿಯ ಹೊತ್ತಿಗೆ ಈ ಬೈಗುಳದ ಸೇವೆ ಸಾಂಗವಾಗಿ ನಡೆದು, ಕೊನೆಗೊಂದು ದಿನ ಚಿಕ್ಕಮ್ಮ ಸೋತಳು. “ಆಯ್ತು ಬುಡಕ್ಕ, ಭಾನ್ವಾರ ಎದ್ ನಿಂತ್ಕತೀನಿ. ನೀನು ನೋಡ್ತಾ ಇರ್ಬೇಕು ಅಷ್ಟೆ. ನೀನ್ ಕಾಣ್ಲಿಲ್ಲ ಅಂದ್ರೆ ಕುಂತ್ಕಂಬುಡ್ತೀನಿ.”

ಈ ಒಪ್ಪಂದ ನಡೆದ ಬೆಳಗ್ಗೆಯೇ ನನ್ನ ಕಣ್ಣಿಗೆ ಅದು ಬಿದ್ದದ್ದು. ಕರೆ ಮುಗಿದು ತೆರೆ ಕಪ್ಪಾದ ಒಂದು ಕ್ಷಣದಲ್ಲಿ, ಕೆಳಗಿನ ಎಡಮೂಲೆಯಲ್ಲಿ, ಹಾಲು ಚೆಲ್ಲಿ ಅರೆಬರೆ ಒರೆಸಿದಂಥ ಮಂಕು ಬಿಳುಪು. ಕಪ್ಪೆಂದರೆ ಕಪ್ಪಾಗಿರಬೇಕಾದಲ್ಲಿ ಬೆಳಕೊಂದು ಹೇಳದೆ ಕೇಳದೆ ಕುಳಿತಿತ್ತು. ಅಂತರ್ಜಾಲದಲ್ಲಿ ಹುಡುಕಿದೆ. ನನ್ನಂಥವರು ಜಗತ್ತಿನಾದ್ಯಂತ ಹರಡಿಕೊಂಡಿದ್ದಾರೆಂಬ ಸಮಾಧಾನವೂ, ಈ ಕಾಯಿಲೆಗೆ ಬ್ಯಾಕ್‌ಲೈಟ್ ಬ್ಲೀಡ್ ಎಂಬ ಹೆಸರಿದೆಯೆಂಬ ಗಾಬರಿಯೂ ಒಟ್ಟಿಗೇ ದೊರೆತವು. ತೆರೆಯ ಹಿಂದಿನ ದೀಪದ ಬೆಳಕು ಅಂಚಿನ ಸಂದಿಯಿಂದ ಸೋರುವುದಂತೆ. ತೊಟ್ಟಿಮನೆಯ ಹಂಚು ಸೋರುವುದನ್ನು ಕಂಡವನು ನಾನು, ನಲ್ಲಿ ಸೋರುವುದನ್ನು ದಿನವೂ ಕೇಳುವವನು. ಬೆಳಕೂ ಸೋರಬಹುದೆಂದು ಮಾತ್ರ ನಡುವಯಸ್ಸಿನವರೆಗೆ ನನಗೆ ಯಾರೂ ಹೇಳಿರಲಿಲ್ಲ, ಹೇಳಿದ್ದರೆ ಆ ಚಿಂತೆಯನ್ನು ಎಂದೋ ಶುರುಮಾಡಿರುತ್ತಿದ್ದೆ.

ಅಂಚನ್ನು ಮೆತ್ತನೆಯ ಬಟ್ಟೆಯಿಂದ ಹಗುರಾಗಿ ನೀವಬೇಕೆಂದು ಒಬ್ಬ ಜಾಲಪಂಡಿತ ಬರೆದಿದ್ದ. ಎಳೆಗೂಸಿನ ನೆತ್ತಿ ಸವರುವಷ್ಟು ನಾಜೂಕಾಗಿ ನೀವುತ್ತ ಕುಳಿತಿದ್ದಾಗ ಗಿರಿಜ ಬಂದು ನಿಂತಳು.

“ಹರಳೆಣ್ಣೆ ಬೆಚ್ಚಗೆ ಮಾಡ್ಕೊಡ್ಲೇನ್ರೀ?”

“ಇಲ್ಲಿ ನೋಡು, ಈ ಮೂಲೆ. ಕಾಣ್ತದಾ?”

“ಏನೂ ಕಾಣಲ್ಲ.”

“ಸರಿಯಾಗಿ ನೋಡೇ. ಮಬ್ಬಗೆ, ಬೆಳ್ಳಗೆ.”

ಅವಳು ಬಗ್ಗಿ ನೋಡಿದಳು, ಓರೆಯಾಗಿ ನೋಡಿದಳು, ಕೊನೆಗೆ ನಿಟ್ಟುಸಿರಿಟ್ಟು, “ಹೂಂ, ಈಗ ಕಾಣ್ತು ಕಣ್ರೀ. ನೆಮ್ಮದಿಯಾಯ್ತಾ? ಇನ್ಮೇಲೆ ನಂಗೂ ದಿನಾ ಅದೇ ಕಾಣುತ್ತೆ” ಎಂದಳು. ಕಾಣದವರಿಗೆ ಕಾಣಿಸುವುದು ಗುರುವಿನ ಲಕ್ಷಣವೆನ್ನುತ್ತಾರೆ. ತಿಪಟೂರಿನ ಕಾಲೇಜೊಂದರಲ್ಲಿ ವರ್ಷಗಟ್ಟಲೆ ಪಾಠ ಹೇಳಿರುವ ನನಗೆ ಅಂಥ ಯಶಸ್ಸು ದೊರೆತದ್ದು ಅದೇ ಮೊದಲು.

ಮಾರಿದ ಕಂಪನಿಯವರು ವಾಪಸ್ಸು ಪಡೆಯಲು ಒಪ್ಪಿದರು. ಬದಲಿ ಟ್ಯಾಬು ಯಾವಾಗ ಬಂದೀತೆಂದು ಕೇಳಿದ್ದಕ್ಕೆ ದಾಸ್ತಾನು ಬಂದ ಮೇಲೆ ಎಂದರು. ಗಡುವಿನ ಕೊನೆಯ ದಿನ ಭಾನುವಾರ. ಅಂದು ಮಧ್ಯಾಹ್ನ ಅವರ ಕಡೆಯವನು ಬಂದು ಕೊಂಡೊಯ್ಯುತ್ತಾನೆ. ಬೆಳಗ್ಗೆ ಚಿಕ್ಕಮ್ಮ ನಡೆದುಬಿಟ್ಟರೆ ಮಧ್ಯಾಹ್ನ ಟ್ಯಾಬು ಹೊರಡಲಿ ಎಂದು ನಾನು ಹೊಂದಿಸಿಕೊಂಡೆ. ಒಂದು ದಿನ ನಡೆದವಳು ಮರುದಿನವೂ ಅಕ್ಕನ ಮುಖ ಕಾಣದೆ ನಡೆದಾಳೇ ಎಂಬ ಪ್ರಶ್ನೆ, ಇಷ್ಟೆಲ್ಲ ಮುಂದಾಲೋಚನೆಯ ನನಗೆ, ಹೊಳೆಯಲೇ ಇಲ್ಲ. ಅವ್ವನಿಗೆ ವಿಷಯ ತಿಳಿಸುವ ಕೆಲಸವನ್ನು ಗಿರಿಜಳಿಗೆ ಬಿಟ್ಟೆ. ಗಿರಿಜ ಅದನ್ನು ನನಗೇ ಬಿಟ್ಟಳು. ನಾನು ಮಾಡಿದ್ದೇನೆಂದರೆ ಟ್ಯಾಬಿನ ಬೆನ್ನಿನ ವಿಭೂತಿಯನ್ನು ಒರೆಸಿದ್ದು. ಮಾರನೆಯ ಬೆಳಗ್ಗೆ ಅವ್ವ ಮತ್ತೆ ಎಳೆದಿದ್ದಳು.

ಭಾನುವಾರ ಕಾಫಿಯ ಹೊತ್ತು ಮೀರಿತು, ತಿಂಡಿಯ ಹೊತ್ತೂ ಮೀರಿತು. ತುರುವೇಕೆರೆಯಿಂದ ಕರೆ ಬರಲಿಲ್ಲ. ಮಂಜುಳ ಫೋನು ಎತ್ತಲಿಲ್ಲ. ಅವ್ವ ಜಗಲಿಗೂ ನಡುಮನೆಗೂ ಮಂಡಿ ಹಿಡಿದುಕೊಂಡು ಅಲೆಯುತ್ತಿದ್ದಳು. ಎಲ್ಲರ ಮನಸ್ಸೂ ಚಿಕ್ಕಮ್ಮನ ಕಾಲಿನ ಮೇಲಿದ್ದ ಆ ಹೊತ್ತಿನಲ್ಲಿ ನನ್ನ ಮನಸ್ಸು ಮೂಲೆಯ ಮೇಲಿತ್ತು. ಕೊಡುವ ಮೊದಲು ಕೊನೆಯ ಬಾರಿ ಪರೀಕ್ಷೆ ಮಾಡಿಬಿಡೋಣ, ಇಲ್ಲದ ರೋಗಕ್ಕೆ ಆಸ್ಪತ್ರೆ ಸೇರಿಸಿದಂತಾಗಬಾರದು ಎನ್ನಿಸಿತು. ಪರೀಕ್ಷೆಗೆ ಗಾಢಾಂಧಕಾರ ಬೇಕು. ಹಗಲು ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಅದು ಸಿಗುವುದು ಒಂದೇ ಕಡೆ, ಕೊಬ್ಬರಿ ಅಟ್ಟದಲ್ಲಿ.

ನಮ್ಮ ಸೀಮೆಯವರಲ್ಲದ ಓದುಗರಿಗೆ ಅಟ್ಟದ ಬಗ್ಗೆ ಎರಡು ಮಾತು ಹೇಳಬೇಕು. ತೆಂಗಿನಕಾಯಿಯನ್ನು ಸುಲಿಯದೆ ಅಟ್ಟಕ್ಕೆ ತುಂಬಿ, ಹತ್ತಿರ ಹತ್ತಿರ ಒಂದು ವರ್ಷ ಮರೆತುಬಿಡುವುದೇ ಇಲ್ಲಿಯ ಕೊಬ್ಬರಿ ಶಾಸ್ತ್ರ. ಒಳಗಿನ ನೀರು ತನ್ನಷ್ಟಕ್ಕೆ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಆಯಿತೋ ಇಲ್ಲವೋ ಎಂದು ಒಡೆದು ನೋಡುವಂತಿಲ್ಲ. ಒಡೆದರೆ ಅದು ಕೊಬ್ಬರಿಯಾಗುವುದಿಲ್ಲ, ಚಟ್ನಿಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಗಡಗಡ ಎಂದರೆ ಆಯಿತು ಎಂದುಕೊಳ್ಳಬೇಕು, ಅಷ್ಟೆ. ಹೀಗೆ ಕಾಣದ್ದನ್ನು ನಂಬಿಯೇ ಬದುಕಿದ ವಂಶದಲ್ಲಿ ನಾನು ಹೇಗೆ ಹುಟ್ಟಿದೆನೋ!

ಏಣಿ ಹತ್ತಿ, ಕಾಯಿಗಳ ರಾಶಿಯ ನಡುವೆ ಜಾಗ ಮಾಡಿಕೊಂಡು ಕುಳಿತು, ತೆರೆಯ ತುಂಬ ಕಪ್ಪು ಚಿತ್ರವೊಂದನ್ನು ಹಾಕಿದೆ. ಬೆಳಕು ಸೋರುತ್ತಿತ್ತು. ಸಾಲದ್ದಕ್ಕೆ ಬಲಮೂಲೆಯೂ ಎಡಮೂಲೆಯ ಚಾಳಿ ಕಲಿತಂತಿತ್ತು. ಏನೂ ತೋಚದೆ ಕೂತಿದ್ದವನು ಸ್ವಲ್ಪ ಹೊತ್ತಿನ ಮೇಲೆ ಗಮನಿಸುತ್ತೇನೆ, ಟ್ಯಾಬನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದೇನೆ! ರಕ್ತದಲ್ಲಿ ಬಂದದ್ದು ಎಲ್ಲಿಗೆ ಹೋದೀತು? ಅದು ಗಡಗಡ ಎನ್ನಲಿಲ್ಲ. ಬದಲಿಗೆ ಕಿವಿ ಕಿತ್ತುಹೋಗುವಂತೆ ರಿಂಗಾಯಿತು.

ಬೆಚ್ಚಿ ಎಲ್ಲಿ ಒತ್ತಿದೆನೋ, ತೆರೆಯ ಮೇಲೆ ಚಿಕ್ಕಮ್ಮ ಪ್ರತ್ಯಕ್ಷಳಾದಳು. ನಿಂತಿದ್ದಳು! ಎರಡೂ ಕೈಯಲ್ಲಿ ವಾಕರನ್ನು ಹಿಡಿದು, ಬೆವರುತ್ತ ನಿಂತಿದ್ದಳು.

“ಅಯ್ಯೋ ಸಿವನೇ! ಮಂಜುಳ, ಅಕ್ಕನ ಮನೇಲಿ ದೆವ್ವ ಎದ್ದೈತೆ ಕಣೇ!”

“ದೆವ್ವ ಅಲ್ಲ ಚಿಕ್ಕಮ್ಮ, ನಾನು, ಸಿದ್ದೇಶ.”

“ನೀನೇನ್ಲಾ? ಹಗಲು ಹೊತ್ನಲ್ಲಿ ಅದ್ಯಾವ ಗವಿ ಸೇರ್ಕಂಡಿದೀಯ? ಅಕ್ಕ ಎಲ್ಲಿ? ಎದ್ ನಿಂತಿದೀನಿ ಕಣ್ಲಾ, ಬಿರ್ರನೆ ತೋರ್ಸು!”

ಹಿಂದಿನಿಂದ ಮಂಜುಳಳ ದನಿ ಬಂತು: “ಬಾವ, ಬೇಗ ದೊಡ್ಡತ್ತೇರಿಗೆ ಕೊಡಿ. ಬೆಳಗ್ಗಿಂದ ಇವ್ರನ್ನ ಎಬ್ಬಿಸೋದ್ರಲ್ಲೇ ಆಯ್ತು, ಫೋನೂ ಎತ್ತಕ್ಕಾಗ್ಲಿಲ್ಲ, ಕೂತ್ರೆ ಮತ್ತೆ ಏಳಲ್ಲ.”

ಒಂದು ಕೈಯಲ್ಲಿ ಟ್ಯಾಬು ಹಿಡಿದು ಏಣಿಯ ಮೊದಲ ಮೆಟ್ಟಿಗೆ ಕಾಲಿಟ್ಟೆ. ಕಾಯಿಗಳು ಉರುಳಿ ಪಕ್ಕದಲ್ಲೇ ಧಡಧಡ ಬಿದ್ದವು. ನನ್ನ ಕಲ್ಪನೆಯೊಳಗೆ ನಾನು ಆಗಲೇ ಬಿದ್ದಾಗಿತ್ತು. ಸೊಂಟ ಮುರಿದು, ವಾಕರು ಬಂದು, ಅದರ ಮೇಲೆ ಟವೆಲೂ ಒಣಗುತ್ತಿತ್ತು. ಕೆಳಗಿನಿಂದ ಅವ್ವ ಕೂಗಿದಳು.

“ನೀನು ಇಳೀಬ್ಯಾಡ್ಲಾ! ಇನ್ನೊಂದು ಸೊಂಟ ನೋಡ್ಕಳಾಕೆ ನನ್ ಕೈಲಾಗಲ್ಲ. ಮಂಕರೀಲಿ ಇಳಿಬುಡು!”

ಕಾಯಿ ಇಳಿಸುವ ಬಿದಿರಿನ ಬುಟ್ಟಿ, ಅದೇ ನಮ್ಮ ಮಂಕರಿ, ಹಗ್ಗದ ಸಮೇತ ಅಲ್ಲೇ ಇತ್ತು. ಟ್ಯಾಬನ್ನು ಮುಖ ಮೇಲಾಗಿ ಅದರೊಳಗೆ ಮಲಗಿಸಿ, ಹಗ್ಗ ಹಿಡಿದು ಬಿಟ್ಟೆ. ಮಂಕರಿ ಗಿರಗಿರನೆ ತಿರುಗುತ್ತ ಇಳಿಯಿತು, ಒಳಗಿನಿಂದ, “ಅಕ್ಕಾ, ನಿನ್ ಮನೆ ತಿರುಗ್ತೈತಲ್ಲಕ್ಕಾ!” ಎಂಬ ಆರ್ತನಾದವೂ ಜೊತೆಗೇ ಇಳಿಯಿತು. ಅವ್ವ ಎರಡೂ ಕೈ ಚಾಚಿ, ತೊಟ್ಟಿಲಿಂದ ಕೂಸನ್ನು ಎತ್ತಿಕೊಳ್ಳುವಂತೆ ತಂಗಿಯನ್ನು ಎತ್ತಿಕೊಂಡಳು.

ಮುಂದಿನದನ್ನು ನಾನು ನೋಡಲಿಲ್ಲ, ಕೇಳಿಸಿಕೊಂಡೆ. “ಹಾಕೇ… ಬಲಗಾಲು. ನೆಲ ಏನ್ ನೋಡ್ತೀಯ, ನನ್ನ ನೋಡು. ಅದು ಮುರಿದಿದ್ ಕಡೆ ಕಾಲು, ಹೆದ್ರುತ್ತೆ. ಇನ್ನೊಂದಕ್ಕೇನ್ ಬಂದೈತೆ ರೋಗ? ಹಾಕು!” ಬಳಿಕ ಸದ್ದಿಲ್ಲ. ವಾಕರಿನ ಕಾಲು ನೆಲಕ್ಕೆ ತಾಗುವ ಟಕ್ಕೆಂಬ ಸಪ್ಪಳ. ಮತ್ತೆ ಸದ್ದಿಲ್ಲ. ಇನ್ನೊಂದು ಟಕ್ಕು. ಅಟ್ಟದ ಕತ್ತಲಲ್ಲಿ ಹಗ್ಗದ ತುದಿ ಹಿಡಿದು ಕುಳಿತ ನಾನು, ಒಳಗಿನದು ಕಾಣದ ಕಾಯಿಯೊಂದಕ್ಕೆ ಕಿವಿಗೊಟ್ಟವನಂತೆ, ಉಸಿರು ಬಿಗಿಹಿಡಿದಿದ್ದೆ. ಆಮೇಲೆ ಅವ್ವನ ಕೂಗು: “ಗಿರಿಜಾ! ಬಾಗ್ಲ ತನ್ಕ ಬಂದ್ಲು ಕಣೇ ನಮ್ ಗೌರಿ!” ಮತ್ತೆ ಮೂಗು ಸೀನಿಕೊಳ್ಳುವ ಸದ್ದು. ಆ ತುದಿಯಿಂದ ಚಿಕ್ಕಮ್ಮನ ಏದುಸಿರಿನ ದನಿ: “ನಾಳೆನೂ ಕುಂತಿರ್ಬೇಕು ನೀನು. ಇಲ್ದಿದ್ರೆ ಒಂದ್ ಹೆಜ್ಜೇನೂ ಇಡಲ್ಲ.”

ಜೇಬಿನಲ್ಲಿ ನನ್ನ ಫೋನು ನಡುಗಿತು.

“ಸಾರ್, ರಿಟರ್ನ್ ಪಾರ್ಸಲ್ ತಗೊಳಾಕೆ. ಕಿಬ್ಬನಹಳ್ಳಿ ಕ್ರಾಸಲ್ಲಿದೀನಿ. ಬರ್ಲಾ? ಇವತ್ ಬಿಟ್ರೆ ಮತ್ತೆ ಆಗಲ್ಲ.”

“ಬೇಡ ಕಣಪ್ಪ. ಕೊಡಲ್ಲ.”

“ಯಾಕ್ ಸಾರ್, ಸರಿಹೋಯ್ತಾ?”

“ಇಲ್ಲ, ಹಾಗೇ ಇದೆ.”

“ಕಾರಣ ಹಾಕ್ಬೇಕು ಸಾರ್ ನಾನು.”

“ಮಂಕರೀಲಿ ಕೆಳಕ್ಕೆ ಹೋಯ್ತು ಅಂತ ಹಾಕು.”

“ಆ ಆಪ್ಷನ್ ಇಲ್ಲ ಸಾರ್,” ಎಂದು ಆತ ನಿಜವಾಗಿಯೂ ಬೇಸರಪಟ್ಟುಕೊಂಡ.

ಚಿಕ್ಕಮ್ಮ ಈಗ ಅಕ್ಕನ ಕಾವಲಿನಲ್ಲಿ ಹಜಾರದವರೆಗೆ ನಡೆಯುತ್ತಾಳೆ. ಅಕ್ಕತಂಗಿಯರ ಮಾತು ಬೆಳಗಿನ ಕಾಫಿಯನ್ನು ದಾಟಿ ಸಂಜೆಗೂ ಹಬ್ಬಿದೆ. ಮೊನ್ನೆ ದೀಪ ಹಚ್ಚುವ ಹೊತ್ತಿನಲ್ಲಿ ಎರಡೂ ಊರಲ್ಲಿ ಕರೆಂಟು ಹೋಯಿತು, ನಡೆಯುತ್ತಿದ್ದ ಕರೆ ಮಾತ್ರ ಕಡಿಯಲಿಲ್ಲ. ಮಂಜುಳ ಅಂಗಡಿಗೆ ಹೋಗಿದ್ದಳು. ಚಿಕ್ಕಮ್ಮ ಕತ್ತಲಲ್ಲಿ ಒಬ್ಬಳೇ. ಅವ್ವನ ತೊಡೆಯ ಮೇಲಿನ ಟ್ಯಾಬಿನಲ್ಲಿ ತುರುವೇಕೆರೆ ಪೂರ್ತಿ ಕಪ್ಪಾಗಿತ್ತು, ಕೆಳಗಿನ ಮೂಲೆಯೊಂದನ್ನು ಬಿಟ್ಟು.

“ಭಯ ಆಯ್ತದೆ ಕಣಕ್ಕ, ಏನೂ ಕಾಣಲ್ಲ.”

“ಏನ್ ಭಯ? ಕೆಳಗಡೆ ಬೆಳಕೈತಲ್ಲೇ. ಯಾರೋ ದೀಪ ಹಚ್ಚವ್ರೆ ನಿಮ್ಮನೇಲಿ.”

“ಎಲ್ಲಕ್ಕ?”

“ನಿನ್ ಕಾಲ್ ಹತ್ರಾನೇ. ನಂಗೆ ಚೆನ್ನಾಗ್ ಕಾಣ್ತೈತೆ. ಸುಮ್ನೆ ಕುಂತಿರು, ನಾನ್ ನೋಡ್ತಿದೀನಿ.”

ಬಾಗಿಲಲ್ಲಿ ಮೇಣದ ಬತ್ತಿ ಹಿಡಿದು ಬಂದ ಗಿರಿಜ ನನ್ನ ಮುಖ ನೋಡಿದಳು; ನಾನು ಕೈಸನ್ನೆ ಮಾಡಿ ಅವಳನ್ನು ಅಲ್ಲೇ ನಿಲ್ಲಿಸಿದೆ. ಕರೆಂಟು ಬರುವವರೆಗೆ ಇಬ್ಬರೂ ಮುದುಕಿಯರು ತೆರೆಯ ಮೂಲೆಯ ಆ ದೀಪದ ಬೆಳಕಿನಲ್ಲೇ ಮಾತಾಡಿಕೊಂಡಿದ್ದರು.

ಬಳಸುತ್ತ ಹೋದಂತೆ ತೆರೆಯ ಅಂಚು ಹೊಂದಿಕೊಂಡು, ಸೋರುವ ಬೆಳಕು ಕೆಲವೊಮ್ಮೆ ತಾನಾಗಿಯೇ ನಿಂತುಹೋಗುತ್ತದೆ ಎಂದು ನಿನ್ನೆ ಜಾಲದಲ್ಲಿ ಓದಿದೆ. ಈಗ ನನಗೆ ಅದೇ ಚಿಂತೆ.