ಬಟ್ಟಲು ಮುಳುಗುವಷ್ಟು ಹೊತ್ತು

ಕರಕರ ಎನ್ನುತ್ತ ಮೈಕ್ ಕೂಗಿತು: "ಕಪಿಲೆಗೆ ನೀರು ಬಿಟ್ಟಿದ್ದಾರೆ. ಹೊಳೆಗೆ ಯಾರೂ ಇಳಿಯಬೇಡಿ." ಕೂಗುತ್ತಲೇ ಆಟೊ ಊರು ದಾಟಿತು.

ಜಗಲಿಯಲ್ಲಿದ್ದ ಚಾಮಯ್ಯ ಅವಸರಪಡಲಿಲ್ಲ. ಹೆಂಡತಿ ಚಿನ್ನಮ್ಮ ಹುಲ್ಲಿಗೆಂದು ಹೊಳೆಯ ನಡುವಿನ ದಿಣ್ಣೆಗೆ ಹೋಗಿದ್ದಳು. ಮೊಣಕಾಲುದ್ದ ನೀರು ದಾಟಿದರೆ ದಿಣ್ಣೆ. ಮೈಕಿನ ಕೂಗು ಅಲ್ಲಿಗೆ ಮುಟ್ಟುವುದಿಲ್ಲ.

"ಮೈಕ್ ಕೂಗಿದ್ ಮೂರ್ ಗಳ್ಗೆಗೆ ನೀರು ಬರೋದು ಕಣವ್ವ. ಎಲ್ಡ್ ಗಳ್ಗೆ ಆಗ್ಲಿ, ಹೋಗಿ ಕರ್ಕ ಬತ್ತೀನಿ. ಈಗ್ಲೇ ಹೋದ್ರೆ ಹುಲ್ ಕುಯ್ಯೋ ಕುಡ್ಲು ತೋರುಸ್ತಾಳೆ ನಂಗೆ!" ಎಂದು ನಕ್ಕ.

ಕೇಳುತ್ತಿದ್ದವಳು ಶ್ವೇತ. ನರಸೀಪುರದ ಕಾಲೇಜಿನಲ್ಲಿ ಕನ್ನಡ ಕಲಿಸುವವಳು, ಹಳೆಯ ಮಾತುಗಳನ್ನು ಬರೆದುಕೊಳ್ಳಲು ಬಂದಿದ್ದಳು. ಗಳಿಗೆ ಎಂದರೇನು ಎಂದು ತೋರಿಸಲು ಚಾಮಯ್ಯ ಆ ಕೂಡಲೇ ಹಂಡೆಯ ನೀರಿನಲ್ಲಿ ತಾಮ್ರದ ಬಟ್ಟಲು ತೇಲಿಬಿಟ್ಟ. ತಳದಲ್ಲಿ ಸಾಸಿವೆಯಷ್ಟು ತೂತು. ತುಂಬಿ ಮುಳುಗಿದರೆ ಒಂದು ಗಳಿಗೆ. ಅವನ ಅಪ್ಪ ಮದುವೆಮನೆಗಳಲ್ಲಿ ಇದನ್ನೇ ತೇಲಿಸಿ ಧಾರೆಯ ಹೊತ್ತು ಹೇಳುತ್ತಿದ್ದ. ಚಾಮಯ್ಯನೋ ಇಪ್ಪತ್ತು ವರ್ಷ ತಾಂಡ್ಯದ ಕಾರ್ಖಾನೆಯಲ್ಲಿ ಸೈರನ್ನಿಗೆ ಎದ್ದು, ಸೈರನ್ನಿಗೆ ಉಂಡವನು. ಕೆಲಸ ಬಿಟ್ಟ ದಿನ ಕೈಗಡಿಯಾರ ಬಿಚ್ಚಿಟ್ಟು ಬಟ್ಟಲನ್ನು ಅಟ್ಟದಿಂದ ಇಳಿಸಿದ. ಮಳೆಗಾಲಕ್ಕೊಮ್ಮೆ ಹುಣಿಸೆಹಣ್ಣು ಹಾಕಿ ಮುಖ ಕಾಣುವಂತೆ ಬೆಳಗುತ್ತಾನೆ.

"ಸಂಸ್ಕೃತದಲ್ಲಿ ಘಟಿಕೆ ಅಂದ್ರೆ ಪುಟ್ಟ ಗಡಿಗೆ, ತಾತ. ಅದೇ ಗಳಿಗೆ ಆಯ್ತು. ನಿಮಿಷ ಅಂದ್ರೆ ರೆಪ್ಪೆ ಬಡಿಯೋಷ್ಟು."

"ರೆಪ್ಪೆ ನಂಬ್ಕಂಡು ಹೊತ್ತು ಅಳೆಯೋಕಾದದಾ? ತಾಮ್ರ ಸುಳ್ ಹೇಳಲ್ಲ ಬುಡಿ ಮೇಡಮ್ಮ."

ಬಟ್ಟಲು ಮುಳುಗಿತು. ಎತ್ತಿ ಮತ್ತೆ ತೇಲಿಸಿದ. ಎರಡನೆಯದು ಮುಕ್ಕಾಲು ತುಂಬುವಾಗ ಹೊಳೆದಂಡೆಯ ಮತ್ತಿಮರದಿಂದ ಬೆಳ್ಳಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ಶ್ವೇತ ಮೊಬೈಲ್ ನೋಡಿದಳು.

"ಒಂದು ಗಳಿಗೆಗೆ ಇಪ್ಪತ್ನಾಲ್ಕು ನಿಮಿಷ ಅಲ್ವಾ? ಮೂರಕ್ಕೆ ಒಂದು ಗಂಟೆ ಹನ್ನೆರಡು ನಿಮಿಷ. ಮೈಕ್ ಹೋಗಿ ಆಗ್ಲೇ ಒಂದು ಗಂಟೆ ಐದು ನಿಮಿಷ ಆಯ್ತು, ತಾತ."

ಚಾಮಯ್ಯ ಬಟ್ಟಲನ್ನು ಕವುಚಿ ಬೆಳಕಿಗೆ ಹಿಡಿದ. ತೂತಿನಲ್ಲಿ ಬೆಳಕು ಕೂದಲೆಳೆಯಷ್ಟೇ ಕಂಡಿತು. ಉಗುರಿನಿಂದ ಕೆರೆದ, ಬೋರ್‌ವೆಲ್ ನೀರಿನ ಬಿಳಿ ಸುಣ್ಣ ಉದುರಿತು. ಅಪ್ಪ ವರ್ಷಕ್ಕೊಮ್ಮೆ ಸೂಜಿಯಿಂದ ಆ ತೂತು ಬಿಡಿಸುತ್ತಿದ್ದ. ಇವನು ಹೊರಮೈಯನ್ನಷ್ಟೇ ಬೆಳಗುತ್ತ ಬಂದಿದ್ದ.

"ನೀರಿನ್ನೂ ಬಂದಿರಲ್ಲ, ಅಲ್ವಾ ತಾತ? ಚಿನ್ನಮ್ಮನವರ ಹತ್ರ ಫೋನ್ ಇದ್ರೆ ನಂಬರ್ ಹೇಳಿ, ನಾನೇ..."

ಚಾಮಯ್ಯ ಚಪ್ಪಲಿಯನ್ನೂ ಮೆಟ್ಟದೆ ಜಗಲಿ ಇಳಿದು ಹೊಳೆಯ ದಾರಿ ಹಿಡಿದಿದ್ದ.